ಬತ್ತಿಯ ಸರದಿ

ದೀಪದ ಬತ್ತಿ ತನ್ನನ್ನೇ ಸುಟ್ಟುಕೊಂಡು ಲೋಕಕ್ಕೆ ಬೆಳಕು ಕೊಡುತ್ತದೆ ಎಂದು ಸೋದರತ್ತೆ ಹೇಳುತ್ತಿದ್ದ ಕಥೆಯನ್ನು ಮಂದಾಕಿನಿ ಬಾಲ್ಯದಲ್ಲಿಯೂ ಪೂರ್ತಿ ನಂಬಿರಲಿಲ್ಲ. ಉರಿಯುವುದು ಬತ್ತಿಯೇ ಆದರೆ ಎಣ್ಣೆ ಏಕೆ ಬೇಕು? ಈಗ ಮೂಗು ಕಟ್ಟಿ ಉಸಿರಿಗೆ ಒದ್ದಾಡುತ್ತಿದ್ದ ಅದೇ ಅತ್ತೆಗಾಗಿ ಅವಳು ಮನೆಯಲ್ಲೇ ಪುಟ್ಟ ಹಬೆಯಂತ್ರವೊಂದನ್ನು ಜೋಡಿಸಿದಳು. ಬ್ಯಾಟರಿಯಿಂದ ಹೊರಟ ಎರಡು ವೈರುಗಳ ನಡುವೆ ತಂತಿಯ ಸುರುಳಿ, ಸುರುಳಿಯೊಳಗೆ ಹತ್ತಿಯ ಬತ್ತಿ, ಬತ್ತಿಯ ಬುಡದಲ್ಲಿ ನೀಲಗಿರಿ ಎಣ್ಣೆ ಬೆರೆಸಿದ ನೀರು.

ಸುರುಳಿ ಬತ್ತಿಯನ್ನು ಕೇಳಿತು, "ತಂಗಿ, ನೀನಿನ್ನೂ ನೀರು ಕುಡಿದಿಲ್ಲವೇ?"

"ಎಲ್ಲರದೂ ಆಗಲಿ ಅಕ್ಕ, ಆಮೇಲೆ ನನ್ನದು. ಸುಟ್ಟು ಬೂದಿಯಾಗುವುದು ನಮ್ಮ ಕುಲಧರ್ಮ."

"ಬೂದಿ ಮೂಸಿದರೆ ಅತ್ತೆಯ ಮೂಗು ಬಿಡುತ್ತದೆಯೇ? ಕೆಂಪಗೆ ಕಾಯುವುದೊಂದೇ ನಾನು ಬಲ್ಲ ವಿದ್ಯೆ. ಒಣಗಿದವಳು ಸಿಕ್ಕರೆ ತಂಗಿಯೆಂದೂ ನೋಡದೆ ಸುಟ್ಟುಬಿಡುತ್ತೇನೆ. ಇಲ್ಲಿ ನಿನ್ನದಾಗದೆ ಯಾರದೂ ಆಗುವುದಿಲ್ಲ. ಕುಡಿ."

ಬತ್ತಿ ಸಂಕೋಚದಿಂದಲೇ ಕುಡಿಯತೊಡಗಿತು. ಅದು ತುದಿಯವರೆಗೆ ನೆನೆದದ್ದನ್ನು ನೋಡಿ ಮಂದಾಕಿನಿ ಸ್ವಿಚ್ಚು ಒತ್ತಿದಳು. ಸುರುಳಿ ಕಾಯಿತು, ಬತ್ತಿ ಕುಡಿಯುತ್ತಲೇ ಕೊಟ್ಟಿತು, ಹಬೆ ಎದ್ದಿತು.

ಅತ್ತೆ ಎದೆ ತುಂಬ ಉಸಿರೆಳೆದುಕೊಂಡು, "ಪಾಪ, ಆ ಬತ್ತಿ ನನಗೋಸ್ಕರ ಸುಟ್ಟುಹೋಯಿತೇನೇ?" ಎಂದರು.

"ಪರೀಕ್ಷಿಸಿ ಹೇಳುತ್ತೇನೆ, ಅತ್ತೆ."

ಹತ್ತು ದಿನಗಳಾದ ಮೇಲೆ ಮಂದಾಕಿನಿ ಬತ್ತಿಯನ್ನು ಬಿಚ್ಚಿ, ಚೆನ್ನಾಗಿ ಒಣಗಿಸಿ, ಕಾಲೇಜಿನ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದಳು. ಜೋಡಿಸಿದ ದಿನ ಎಷ್ಟು ತೂಗಿತ್ತೋ, ಅಷ್ಟೇ ತೂಗಿತು.