ಬೀಗರ ಬಂಡೆಯ ಮುಂದೆ ಹೊನ್ನಲೆವ್ವ ನಕ್ಕ ಮಹಿಮೆ

ಸಕಲದುರಿತಪರಿಹಾರಿಣಿಯೂ ಸದಾಹಾಸ್ಯಪ್ರಿಯೆಯೂ ಆದ ಕರೆಗುಡ್ಡದ ಹೊನ್ನಲೆವ್ವ ತಾಯಿಯ ಪಾದಕ್ಕೆ ಶರಣೆಂದು, ಈ ಒರತೆ ಹುಟ್ಟಿದ ಪುಣ್ಯಕಥೆಯನ್ನು ಯಾರ ಮುಲಾಜೂ ಇಲ್ಲದೆ ಹೇಳುತ್ತೇನೆ, ಭಕ್ತರು ಕಿವಿಗೊಡಬೇಕು.

ಕೃತಯುಗದಲ್ಲಿ, ಈಗ ಬಸ್ಸು ನಿಲ್ಲುವ ಬಯಲೆಲ್ಲ ಘೋರಾರಣ್ಯವಾಗಿದ್ದ ಕಾಲದಲ್ಲಿ, ಮೌನಗುಪ್ತನೆಂಬ ಮಹರ್ಷಿಯು ಇಲ್ಲಿ ತಪೋನಿಷ್ಠನಾಗಿದ್ದನು. ಮಾತು ಬಿಟ್ಟದ್ದು ಮೋಕ್ಷಕ್ಕೆಂದು ಶಿಷ್ಯರು ಹೇಳುತ್ತಿದ್ದರು. ಹೆಂಡತಿಯ ಬಾಯಿಗೆ ಹೆದರಿ ಬಿಟ್ಟದ್ದೆಂದು ಊರೆಲ್ಲ ಬಲ್ಲದು. ಇಂಥವನು ಮದುವೆ ಕುದುರಿಸಲು ಹೊರಟ ನೋಡಿ! ಗುಡ್ಡದ ತುದಿಯ ಜಟಾಜೂಟಧಾರಿ ಗುಡ್ಡದಯ್ಯನಿಗೂ ಬುಡದ ಹೊನ್ನಲೆವ್ವನಿಗೂ ಲಗ್ನ ಗೊತ್ತುಮಾಡಿ, ದೇವಾನುದೇವತೆಗಳು ಬರುವ ಮದುವೆಯಾದ್ದರಿಂದ ಹೆಣ್ಣಿನ ಕಡೆಯವರು ಬೀಗರನ್ನು ಜರೆದು ಹಾಡಕೂಡದೆಂದು ಮರಳಿನ ಮೇಲೆ ಬೆರಳಿನಿಂದ ಬರೆದು ಕಟ್ಟಪ್ಪಣೆ ಮಾಡಿದನು.

ಜರೆಯದಿದ್ದರೆ ಗಂಡಿನ ಗುಟ್ಟು ಹೊರಬೀಳುವುದು ಹೇಗೆ? ಗುಡ್ಡದಯ್ಯನ ಜಡೆಯೊಳಗೆ ಮತ್ತೊಬ್ಬಳು, ಸಾಕ್ಷಾತ್ ಗಂಗೆ, ಸಂಸಾರ ಹೂಡಿದ್ದಾಳೆಂಬ ಸುದ್ದಿ ಮದುಮಗಳ ಕಿವಿಗೆ ಬಿದ್ದಿತ್ತು. ತನ್ನ ಪರವಾಗಿ ಕೇಳುವ ಬಾಯಿಗಳಿಗೆಲ್ಲ ಬೀಗ ಜಡಿದದ್ದನ್ನು ಕಂಡು ತಾಯಿ ಮುನಿದು, ಬಂಡೆಯೊಳಗೆ ಹೊಕ್ಕು ಕುಳಿತುಬಿಟ್ಟಳು. ಹಳ್ಳಕೊಳ್ಳ ಬತ್ತಿದವು, ದಿಬ್ಬಣದ ದೇವತೆಗಳ ನಾಲಿಗೆ ಒಣಗಿತು, ಮುಹೂರ್ತ ಜಾರತೊಡಗಿತು.

ಆಗ ಕುರಿ ಕಾಯುವ ಬಾಳವ್ವನೆಂಬ ಮಹಾಸತಿ ಸೆರಗು ಸಿಕ್ಕಿಸಿಕೊಂಡು ಬಂದು, ಉತ್ತರದ ಬಂಡೆಯ ಮೇಲೆ ಬೀಗುತ್ತ ಕುಳಿತಿದ್ದ ವರನ ಮುಂದೆ ನಿಂತು ಹಾಡೆತ್ತಿದಳು:

"ಬೂದಿ ಬಡಕೊಂಡು ಬಂದಾನ ಬೀಗ, ಹೊದಿಯಾಕ ಅರಿವಿಯಿಲ್ಲ,
ಜಡಿಯಾಗ ಯಾರನ ಬಚ್ಚಿಟ್ಟಾನ ಬೀಗ, ಕೇಳಾಕ ಹಿರಿಯರಿಲ್ಲ!"

ವರನು ನಾಚಿ ತಲೆ ತಗ್ಗಿಸಿದ ರಭಸಕ್ಕೆ ಜಡೆ ಬಿಚ್ಚಿ ಗಂಗೆ ದೊಪ್ಪನೆ ಕೆಳಗೆ ಬಿದ್ದಳು. ಒಳಗಿಂದ ತಾಯಿ ಕಿಲಕಿಲನೆ ನಕ್ಕಳು. ಆ ನಗೆಗೆ ಬಂಡೆ ತುಟಿ ತೆರೆದಂತೆ ಸೀಳಿತು. ಬಿದ್ದವಳನ್ನು ತಂಗಿಯೆಂದು ತಾಯಿ ಒಳಗೆ ಕರೆದುಕೊಳ್ಳಲು ಅವಳೇ ಒರತೆಯಾಗಿ ಹರಿದಳು. ದೇವಿಯ ವಾಣಿಯಾಯಿತು: "ನನ್ನ ಗಂಡನನ್ನು ಜರೆಯುವ ಹೆಣ್ಣುಗಳಿರುವ ತನಕ ಈ ನೀರು ನಿಲ್ಲದು. ಉತ್ತರದ ಬಂಡೆಯ ಮೇಲೆ ಕೂತವನು ಯಾರೇ ಆಗಲಿ, ಗಂಡಿನ ಕಡೆಯವನೇ. ಬಿಡಬೇಡಿ."

ಅಂದಿನಿಂದ ವರ್ಷಕ್ಕೊಮ್ಮೆ ದೇವಿಯ ಕಲ್ಯಾಣದ ದಿನ ಹೆಂಗಸರು ಜರೆದು ಹಾಡುವುದು, ಆ ನೀರಿನಿಂದಲೇ ದೇವಿಗೆ ಅರಿಸಿನದ ಸ್ನಾನವಾಗುವುದು ನಡೆದುಬಂದಿದೆ. ನಡುವೆ ಕೆಂಪುಮೋರೆಯ ದೊರೆಯೊಬ್ಬ ಬಂದು ಇದು ಅಸಭ್ಯವೆಂದ. ಅವನು ಹೋದ, ಹಾಡು ಉಳಿಯಿತು. ಆದರೆ ಸ್ವರಾಜ್ಯ ಬಂದು ಎಷ್ಟೋ ವರ್ಷದ ಮೇಲೆ ರತ್ನಾಕರಯ್ಯನೆಂಬ ನಮ್ಮವನೇ ಆದ ಅಧಿಕಾರಿ, ಪ್ರವಾಸಿಗಳನ್ನು ಸೆಳೆಯಲೆಂದು 'ಕರೆಗುಡ್ಡ ಪರಂಪರೆ ಉತ್ಸವ' ಹೂಡಿ, "ಪರದೇಶದವರ ಮುಂದೆ ಬೈಗುಳವೇ? ದೇಶದ ಮಾನ ಏನಾದೀತು?" ಎಂದು ದೊರೆಯ ಮಾತನ್ನೇ ಕನ್ನಡದಲ್ಲಿ ಆಡಿದನು. ಪೇಟೆಯಿಂದ ಒಂದೇ ಬಣ್ಣದ ಸೀರೆಯುಟ್ಟ ಹುಡುಗಿಯರನ್ನು ಕರೆಸಿ ಮೈಕಿನಲ್ಲಿ ಸ್ತೋತ್ರ ಹಾಡಿಸಿದನು.

ಒರತೆ ನಿಂತೇಹೋಯಿತು! ಹೊತ್ತು ಮುಳುಗುವುದರೊಳಗೆ ದೇವಿಗೆ ಸ್ನಾನವಾಗದಿದ್ದರೆ ಆ ವರ್ಷ ಅವಳಿಗೂ ತಾಳಿಯಿಲ್ಲ, ಊರಿನ ಯಾವ ಹುಡುಗಿಗೂ ತಾಳಿಯಿಲ್ಲ. ಹಾಡಿಗೆ ಮುಂದಾಳಾದ ಬಾಳವ್ವನ ವಂಶದ ದುರುಗವ್ವನಿಗಂತೂ ಮೊಮ್ಮಗಳ ಲಗ್ನ ಮುಂದಿನ ವಾರವೇ ಇತ್ತು. ಬರಿದಾದ ಕೊಡ ಹಿಡಿದು ಕಣ್ಣೀರು ತುಂಬಿಕೊಂಡಿದ್ದ ಅವಳನ್ನು ಕಂಡು ಉತ್ಸವಕ್ಕೆ ಬಂದಿದ್ದ ಘಾನಾ ದೇಶದ ಅತಿಥಿ ಎಫುವಾ ಎಂಬಾಕೆ ದುಭಾಷಿಯ ಮೂಲಕ ಸಂಗತಿ ತಿಳಿದು, "ನಮ್ಮ ಮನೆಯಲ್ಲೂ ಗಂಡಿನವರನ್ನು ಗೋಳುಹೊಯ್ಯದೆ ಹೆಣ್ಣು ಕೊಡುವುದಿಲ್ಲ. ಹಾಡಮ್ಮ!" ಅಂದಳು.

ಅಷ್ಟರಲ್ಲಿ ದುರುಗವ್ವ ಕತ್ತೆತ್ತಿ ನೋಡುತ್ತಾಳೆ: ರತ್ನಾಕರಯ್ಯನವರು ಕುರ್ಚಿ ಹಾಕಿಸಿಕೊಂಡದ್ದು ಉತ್ತರದ ಬಂಡೆಯ ಮೇಲೆ! ಬಿಸಿಲಿಗೆ ತಲೆಗೆ ಬಳಿದ ಕಪ್ಪು ಕರಗಿ ಕಿವಿಗೆ ಇಳಿದಿತ್ತು.

"ಸಾಹೇಬ್ರ, ಅಲ್ಲಿ ಕುಂತ್ರಿ ಅಂದಮ್ಯಾಲ ನೀವು ನಮ್ಮ ಬೀಗರು. ಇನ್ನ ನನ್ನ ಕೈಯಾಗ ಏನಿಲ್ಲ," ಎಂದವಳೇ ಸೆರಗು ಸಿಕ್ಕಿಸಿದಳು:

"ಬಣ್ಣ ಬಳಕೊಂಡು ಬಂದಾರ ಬೀಗರು, ಪ್ರಾಯ ತಿರುಗಲಿಲ್ಲ,
ಕಿವಿಮ್ಯಾಲ ಕರಿಮಳಿ ಸುರದೈತಿ ಬೀಗರ, ಛತ್ರಿ ಹಿಡಿಯೋರಿಲ್ಲ!"

ಮೊದಲು ನಕ್ಕವಳು ಎಫುವಾ ಅಲ್ಲ, ಸಾಹೇಬರ ಹೆಂಡತಿ. "ಬಳೀಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ!" ಎಂದು ಹೊಟ್ಟೆ ಹಿಡಿದುಕೊಂಡಳು. ಜನ ಹೋ ಎಂದಿತು. ರತ್ನಾಕರಯ್ಯ ಮುಖ ಒರೆಸಿ, ಕರ್ಚೀಫು ನೋಡಿ, ಒಂದು ಗಳಿಗೆ ಬಿಗಿದುಕೊಂಡಿದ್ದವನು ತಾನೂ ನಕ್ಕುಬಿಟ್ಟನು. ಬಂಡೆಯ ತುಟಿಯಲ್ಲಿ ಗುಳುಗುಳು ಶಬ್ದವಾಗಿ ದುರುಗವ್ವನ ಕೊಡ ತುಂಬಿ ಹರಿಯಿತು. ದೇವಿಯ ಕಲ್ಯಾಣವೂ ಆಯಿತು, ಮೊಮ್ಮಗಳ ಲಗ್ನವೂ ಆಯಿತು. ಆ ಮದುವೆಯ ಬೀಗರ ಕಥೆ ಬೇರೆಯೇ ಇದೆ, ದೇವರ ಪುಸ್ತಕದಲ್ಲಿ ಬೇಡ.

ಈಗ ಉತ್ಸವ ಶುರುವಾಗುವುದೇ ಜರೆಯುವ ಹಾಡಿನಿಂದ. ಪೂರ್ತಿ ಬಿಳಿತಲೆಯ ರತ್ನಾಕರಯ್ಯನವರು ನಿವೃತ್ತರಾದರೂ ವರ್ಷವರ್ಷ ಬಂದು, "ಈ ಸಲ ನನ್ನ ಮೇಲೆ ಏನು ಕಟ್ಟಿದ್ದೀರವ್ವಾ?" ಎಂದು ತಾವಾಗಿಯೇ ಬಂಡೆ ಏರುತ್ತಾರೆ. ಭಕ್ತಾದಿಗಳೂ ಮೊದಲು ಅಲ್ಲಿ ಕೂತು ಜರೆಸಿಕೊಂಡು, ಆಮೇಲೆ ತೀರ್ಥಕ್ಕೆ ಬೊಗಸೆಯೊಡ್ಡಬೇಕು. ಉತ್ತರದ ಬಂಡೆಯ ಮೇಲೆ ಉದ್ದಕ್ಕೆ ಇಳಿದ ಕಪ್ಪು ಗೆರೆಯೊಂದು ಇವತ್ತಿಗೂ ಕಾಣುತ್ತದೆ. ಪಾಚಿ ಎನ್ನುವವರು ಎನ್ನಲಿ. ಅದು ಏನೆಂದು ಊರಿನ ಹೆಂಗಸರೆಲ್ಲ ಬಲ್ಲರು.