ಹೊಸಿಲಾಚೆಯ ಅಣ್ಣ

"ಗುರುಗಳೇ, ಇದ್ದದ್ದಕ್ಕಿಂತ ನಾಲ್ಕು ಬೆರಳು ಹೆಚ್ಚಾಗಿ ಕಾಣಿಸಿಕೊಂಡರೆ ಯಾರ ಗಂಟೇನು ಹೋಗುತ್ತದೆ?" ಎಂದು ಶಿಷ್ಯ ಮರಿದೇವ ಕೇಳಿದ.

ಸಂಜೆಯ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಮರಿದೇವ ಗಿಡ್ಡ ಆಳು. ಮಠದ ಪರವಾಗಿ ಊರೂರಿಗೆ ಹೋಗಿ ಪ್ರವಚನ ಮಾಡುವ ಕೆಲಸ ಅವನಿಗೆ ಹೊಸದಾಗಿ ಬಂದಿತ್ತು. ಅದಕ್ಕೆಂದೇ ಬಡಗಿಯ ಹತ್ತಿರ ದಪ್ಪ ಮರದ ಹಾವುಗೆ ಮಾಡಿಸಿಕೊಂಡಿದ್ದ. ಈಗ ಅವು ಬಾಗಿಲಾಚೆ ಇದ್ದವು. ಗುರುಗಳು ಅವನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು.

"ಯಾರದೂ ಹೋಗುವುದಿಲ್ಲವೇನೋ. ನನಗೂ ಸರಿಯಾಗಿ ತಿಳಿಯದು. ಒಂದು ಕತೆ ಇದೆ. ನನ್ನ ತಲೆಯನ್ನು ಬಹಳ ಕಾಲ ತಿಂದಿದೆ. ನಿನ್ನದನ್ನೂ ಸ್ವಲ್ಪ ತಿನ್ನಲಿ" ಎಂದು ನಕ್ಕು ಗುರುಗಳು ಹೇಳತೊಡಗಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಒಳ್ಳೆಯವನು, ಮಾತು ಮೃದು, ಕೊಡುವ ಕೈ. ಆದರೆ ಕುಳ್ಳ. ನೋಡಿದವರು ಸ್ವಲ್ಪ ಕುಳ್ಳ ಅನ್ನುತ್ತಿದ್ದರು. ಅವನ ಮನಸ್ಸಿಗೆ ಮಾತ್ರ ಪ್ರಪಂಚದಲ್ಲಿ ತನಗಿಂತ ಕುಳ್ಳನಿಲ್ಲ. ಸಂತೆಯಲ್ಲಿ ಗಿರಾಕಿಗಳು ಅವನ ತಲೆಯ ಮೇಲಿಂದಲೇ ಹಿಂದಿನ ಅಂಗಡಿಯವನೊಡನೆ ಚೌಕಾಸಿ ಮಾಡುತ್ತಿದ್ದರು. ಹುಟ್ಟಿದೂರಿನಲ್ಲಿ ಅವನನ್ನು ಗಿಡ್ಡಶೆಟ್ಟಿ ಎಂದೇ ಕರೆಯುತ್ತಿದ್ದರು. ಕರೆಯುವವರಿಗೆ ಅದರಲ್ಲಿ ಕೆಟ್ಟ ಭಾವ ಇರಲಿಲ್ಲ. ಕರೆಸಿಕೊಂಡವನಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಿರಲು, ದೂರದ ಪಟ್ಟಣದಲ್ಲಿ ಚರ್ಮದ ಜೋಡು ಹೊಲಿಯುವವನೊಬ್ಬ ಅವನಿಗೆ ಸಿಕ್ಕಿದ. ಜೋಡಿನ ಒಳಗೆ ಪದರದ ಮೇಲೆ ಪದರ ಚರ್ಮ ಇಟ್ಟು, ಹೊರಗಿನಿಂದ ಒಂದಿಷ್ಟೂ ಗೊತ್ತಾಗದ ಹಾಗೆ ಹೊಲಿದುಕೊಟ್ಟ. ಮೆಟ್ಟಿ ನಿಂತರೆ ನಾಲ್ಕು ಬೆರಳು ಎತ್ತರ. ವ್ಯಾಪಾರಿ ನಿಂತ, ನಡೆದ, ಗೋಡೆಯ ಮೇಲೆ ಬಿದ್ದ ನೆರಳನ್ನು ನೋಡಿಕೊಂಡ. ಕಣ್ಣಲ್ಲಿ ನೀರು ಬಂತು. ಹುಟ್ಟುವಾಗ ಯಾರೋ ತೆಗೆದಿಟ್ಟುಕೊಂಡಿದ್ದ ತನ್ನ ಪಾಲು ಈಗ ಕೈಗೆ ಬಂತು ಅನ್ನಿಸಿತು.

ಆ ಎತ್ತರ ಹೊತ್ತು ಹುಟ್ಟಿದೂರಿಗೆ ಹೋದರೆ ನಗೆಪಾಟಲು. ಅದಕ್ಕೇ ಗಂಟುಮೂಟೆ ಕಟ್ಟಿ, ಯಾರೂ ತನ್ನನ್ನು ಕಂಡಿರದ ಹೊಸ ಊರಿಗೆ ಹೋದ. ಅಂಗಡಿ ಹಿಡಿದ, ಮನೆ ಹಿಡಿದ. ಮೊದಲ ದಿನ ತಲೆಗೆ ಪೇಟ ಸುತ್ತಿ, ಜೋಡು ಮೆಟ್ಟಿ ಬೀದಿಯಲ್ಲಿ ನಡೆದ. ಜನ ಅವನ ಮುಖ ನೋಡಿ ಮಾತಾಡಿದರು. ಶೆಟ್ಟರೇ ಎಂದರು. ಸಂಜೆ ಒಬ್ಬ ಗಿರಾಕಿ, ಒಂದು ಲೋಟ ಹಾಲು ಕುಡಿದು ಹೋಗಿ ಎಂದು ಮನೆಗೆ ಕರೆದ. ಇವನು ಹಿಗ್ಗಿ ಹೀರೇಕಾಯಿಯಾಗಿ ಹೋದ. ಹೊಸಿಲ ಹತ್ತಿರ ಬಂದ. ಅಲ್ಲೇ ನಿಂತ.

ನೋಡಿದೆಯಾ ಮರಿದೇವ, ಜಾಣತನ ಅಂದರೆ ಹೀಗಿರಬೇಕು! ಹುಟ್ಟಿದಾಗಿನಿಂದ ಹೊಸಿಲು ದಾಟಿಕೊಂಡೇ ಬಂದವನು, ಪ್ರತಿ ಹೊಸಿಲಲ್ಲೂ ಜೋಡು ಬಿಟ್ಟವನು, ಆ ಜೋಡು ಹೊಲಿಸುವಾಗ ಹೊಸಿಲನ್ನೇ ಮರೆತಿದ್ದ. ಮೆಟ್ಟಿದ್ದನ್ನು ಮೆಟ್ಟಿಕೊಂಡೇ ಒಳಗೆ ಹೋಗುವ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಬೀದಿಯಲ್ಲಿ ಎತ್ತರ, ಬಾಗಿಲು ದಾಟಿದರೆ ಗಿಡ್ಡ. ಇದಕ್ಕೆ ಆ ಜೋಡು ಹೊಲಿದವನು ತಾನೇ ಏನು ಮಾಡಿಯಾನು?

ಇವತ್ತು ಉಪವಾಸ ಎಂದು ಸುಳ್ಳು ಹೇಳಿ, ಬೀದಿಯಿಂದಲೇ ಕೈಮುಗಿದು ಹಿಂದಿರುಗಿದ. ಮರುದಿನ ಇನ್ನೊಬ್ಬರು ಕರೆದರೆ ಹೊಟ್ಟೆನೋವು ಎಂದ. ದೇವಸ್ಥಾನಕ್ಕೂ ಹೋಗಲಿಲ್ಲ, ದೂರದಿಂದ ಗೋಪುರಕ್ಕೆ ಕೈಮುಗಿದ. ಅಂಗಡಿಯಲ್ಲಿ ಗಿರಾಕಿ ಬರುವ ಮುಂಚೆಯೇ ಗಾದಿ ಹತ್ತಿ ಕುಳಿತು, ಎಲ್ಲರೂ ಹೋದ ಮೇಲೆ ಇಳಿಯುತ್ತಿದ್ದ. ಊರವರು, ಶೆಟ್ಟರಿಗೆ ಬಿಗುಮಾನ ಜಾಸ್ತಿ ಎಂದುಕೊಂಡರು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಜೋಡು ಬಿಟ್ಟು, ಅವನು ಒಬ್ಬನೇ ಕುಳಿತು ಉಣ್ಣುತ್ತಿದ್ದ.

ಪಕ್ಕದ ಮನೆ ಒಬ್ಬ ಬೆಲ್ಲದ ವ್ಯಾಪಾರಿಯದು. ಮನೆಯಲ್ಲಿ ಅವರು, ಅವರ ಮುದಿ ತಾಯಿ, ಮಗಳು ಚೆನ್ನಾಜಿ, ಮೂವರೇ. ಒಂದು ಬೆಳಗ್ಗೆ ಆ ಅಜ್ಜಿ ಹಿತ್ತಲ ಕಡೆಯಿಂದ ಬಂದಳು. ಕೊಡ ಬಾವಿಗೆ ಬಿದ್ದಿತ್ತು, ಎತ್ತಿಕೊಡಲು ಯಾರಾದರೂ ಬೇಕಿತ್ತು. ನಮ್ಮ ವ್ಯಾಪಾರಿ ಬರಿದಲೆಯಲ್ಲಿ, ಬರಿಗಾಲಲ್ಲಿ ಪಾತ್ರೆ ತೊಳೆಯುತ್ತಿದ್ದ. ಗಾಬರಿಯಿಂದ ಎದ್ದು ನಿಂತ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮಣ್ಣ ಮನೆಯಲ್ಲಿಲ್ಲವೇನಪ್ಪ?"

ಅವನ ಬಾಯಿ ತನಗೆ ತಾನೇ ಆಡಿತು.

"ಅಣ್ಣ ಅಂಗಡಿಗೆ ಹೋದನಜ್ಜಿ."

ಅಷ್ಟೇ. ಮಧ್ಯಾಹ್ನದೊಳಗೆ ಊರಿನಲ್ಲಿ ದೊಡ್ಡ ಶೆಟ್ಟರು, ಚಿಕ್ಕ ಶೆಟ್ಟರು ಎಂದು ಇಬ್ಬರಾದರು. ಇಬ್ಬರದೂ ಒಂದೇ ಅಚ್ಚು ಎಂದು ಯಾರೋ ಅಂದರೆ, ಒಡಹುಟ್ಟಿದವರು ಮತ್ತೆ ಹೇಗಿರಬೇಕು ಎಂದರು. ಇಬ್ಬರೂ ಒಟ್ಟಿಗೆ ಕಾಣುವುದಿಲ್ಲವಲ್ಲ ಎಂದರೆ, ಅಂಗಡಿಗೊಬ್ಬ ಮನೆಗೊಬ್ಬ ಬೇಡವೇ ಎಂದರು. ಊರಿನ ಬಾಯಿಗೆ ಉತ್ತರಕ್ಕೆ ಬರವೇ?

ಚಿಕ್ಕ ಶೆಟ್ಟರು ಬೆಲ್ಲದವರ ಮನೆಗೆ ಹೋಗಿ ಕೊಡ ಎತ್ತಿಕೊಟ್ಟರು. ಅಜ್ಜಿ ಒಳಗೆ ಕರೆದು ಚಾಪೆ ಹಾಕಿ ಪಾನಕ ಕೊಟ್ಟಳು. ಆ ಊರಿಗೆ ಬಂದ ಮೇಲೆ ಅವನು ಇನ್ನೊಬ್ಬರ ಮನೆಯೊಳಗೆ ಕುಳಿತದ್ದು ಅದೇ ಮೊದಲು. ಯಾರೂ ಅವನನ್ನು ಗಿಡ್ಡ ಎನ್ನಲಿಲ್ಲ. ಚಿಕ್ಕವನು ಎಂದರು. ತಮ್ಮನಾದವನು ಅಣ್ಣನಿಗಿಂತ ಚಿಕ್ಕವನಾಗಿರುವುದು ಸಹಜವೇ ತಾನೆ? ಅವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುದಿನವೂ ಹೋದ. ಅದರ ಮರುದಿನವೂ ಹೋದ.

ಚೆನ್ನಾಜಿ ಮಾತಿನ ಹುಡುಗಿ. ನಿಮ್ಮಣ್ಣನಿಗೆ ನಮ್ಮ ಹೊಸಿಲಲ್ಲಿ ಮುಳ್ಳಿದೆಯೇ ಎಂದು ಕೆಣಕುತ್ತಿದ್ದಳು. ಇವನು ಅಣ್ಣನ ಮೇಲೆ ಒಂದೊಂದು ಕತೆ ಕಟ್ಟಿ ನಗಿಸುತ್ತಿದ್ದ. ಅಣ್ಣ ಕನ್ನಡಿ ಬಿಟ್ಟು ಏಳುವುದಿಲ್ಲ, ಅಣ್ಣನಿಗೆ ಉಪ್ಪು ಹೆಚ್ಚು ಬೇಕು, ಹೀಗೆ. ಒಮ್ಮೆ ಎರಡು ದಿನ ಅಂಗಡಿ ತೆರೆಯಲು ಮನಸ್ಸಾಗದೆ, ಅಣ್ಣನಿಗೆ ಜ್ವರ ಎಂದ. ಚೆನ್ನಾಜಿ ಮೆಣಸು ಕುಟ್ಟಿ ಕಷಾಯ ಕಾಸಿ ಚೊಂಬಿನಲ್ಲಿ ಕೊಟ್ಟಳು. ಅಣ್ಣನಿಗೆ ತಾನೇ ಕುಡಿಸುವುದಾಗಿ ಹೇಳಿ ತಂದು, ಖಾರಕ್ಕೆ ಕೆಮ್ಮುತ್ತ ಅದನ್ನು ತಾನೇ ಕುಡಿದ. ಆ ಹೊತ್ತಿಗೆ ಅವಳ ಮೇಲೆ ಅವನ ಜೀವವೇ ಇತ್ತು. ಅವಳಿಲ್ಲದೆ ಇನ್ನು ತನಗೆ ಯಾವ ಊರೂ ಬೇಡ ಅನ್ನಿಸಿತ್ತು.

ಆದರೆ ತಲೆ ಕೆಡುವುದಕ್ಕೂ ಆಗಲೇ ಶುರುವಾಯಿತು. ಜೋಡು ಮೆಟ್ಟಿದರೆ ಅವನ ದನಿ ಗಡುಸಾಗುತ್ತಿತ್ತು, ಬಿಟ್ಟರೆ ಮೆತ್ತಗಾಗುತ್ತಿತ್ತು. ಅಂಗಡಿಗೆ ಬಂದವರು ನಿಮ್ಮ ತಮ್ಮ ಎಷ್ಟು ಒಳ್ಳೆಯವನು ಎಂದರೆ ಅವನು ಮುಖ ಸಿಂಡರಿಸುತ್ತಿದ್ದ. ಬೆಲ್ಲದವರ ಮನೆಯಲ್ಲಿ ಅಜ್ಜಿ ನಿಮ್ಮಣ್ಣನಿಗೆ ಎಷ್ಟು ಜಂಬ ಎಂದರೆ ನೋವಾಗುತ್ತಿತ್ತು. ಹೊಗಳಿದ್ದೂ ತನ್ನನ್ನೇ, ಬೈದದ್ದೂ ತನ್ನನ್ನೇ. ಮತ್ತೆ ಎರಡಕ್ಕೂ ಸಂಕಟವೇಕೆ? ಹಾಸಿಗೆಯಲ್ಲಿ ಕಾಲು ಚಾಚಿದಾಗ, ಈಗ ಮಲಗಿರುವವನು ಯಾರು ಎಂದು ಯೋಚಿಸುತ್ತಿದ್ದ. ಮಲಗಿದವನಿಗೆ ಎತ್ತರವೇ ಇಲ್ಲವಲ್ಲ, ಹೇಗೆ ಗೊತ್ತಾಗಬೇಕು?

ಒಂದು ದಿನ ಬೆಲ್ಲದ ವ್ಯಾಪಾರಿ ಅಂಗಡಿಗೆ ಬಂದರು. ಇವನು ಆಗಷ್ಟೇ ಜೋಡು ಮೆಟ್ಟಿ ಹೊರಗೆ ನಿಂತಿದ್ದ.

"ಮನೆಯ ಹಿರಿಯರ ಹತ್ತಿರ ಆಡಬೇಕಾದ ಮಾತು ಶೆಟ್ಟರೇ" ಎಂದರು. "ನಮ್ಮ ಚೆನ್ನಾಜಿ ನಿಮ್ಮ ತಮ್ಮನನ್ನು ಒಪ್ಪಿದ್ದಾಳೆ. ನೀವು ಏನನ್ನುತ್ತೀರಿ?"

ಕುಣಿದು ಕುಪ್ಪಳಿಸಬೇಕಾದ ಗಳಿಗೆ. ಹೂಂ ಎಂದರೆ ಸಾಕಿತ್ತು. ಆದರೆ ಜೋಡು ಮೆಟ್ಟಿ ನಿಂತವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇಡೀ ಊರು ನನಗೆ ಶೆಟ್ಟರೇ ಎನ್ನುತ್ತದೆ, ಇವಳಿಗೆ ಬೇಕಾದವನು ಆ ಗಿಡ್ಡನೇ?

"ನನ್ನಲ್ಲಿ ಏನು ಕೊರತೆ ಕಂಡಳು?" ಎಂದು ಕೇಳಿಯೇಬಿಟ್ಟ.

ಬೆಲ್ಲದ ವ್ಯಾಪಾರಿ ಪೆಚ್ಚಾದರು. ನೆಲ ನೋಡಿದರು. ತಪ್ಪು ನನ್ನದೇ ಎಂದರು. ಅಣ್ಣ ಮದುವೆಯಿಲ್ಲದೆ ಇರುವಾಗ ತಮ್ಮನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಇಲ್ಲ, ನಿಮಗೂ ಆಸೆ ಇದ್ದೀತು ಎನ್ನುವುದು ನನಗೆ ಹೊಳೆಯಲಿಲ್ಲ ಎಂದರು. ಮೊದಲು ನಿಮಗೊಂದು ಹೆಣ್ಣು ನೋಡೋಣ, ವೈಶಾಖದವರೆಗೆ ಚೆನ್ನಾಜಿ ಕಾಯುತ್ತಾಳೆ, ಆಮೇಲೆ ಮಾತ್ರ ಅವಳ ಸೋದರಮಾವನ ಮನೆಗೆ ಮಾತು ಕೊಡಬೇಕಾಗುತ್ತದೆ ಎಂದು ಹೇಳಿ ಹೊರಟುಹೋದರು.

ಅಯ್ಯೋ ಪಾಪ! ಇಲ್ಲದ ಅಣ್ಣ ಮದುವೆಯಾಗುವ ತನಕ ಇರುವ ತಮ್ಮನಿಗೆ ಮದುವೆ ಇಲ್ಲ. ಊರೆಲ್ಲ ಟೊಂಕ ಕಟ್ಟಿ ದೊಡ್ಡ ಶೆಟ್ಟರಿಗೆ ಹೆಣ್ಣು ಹುಡುಕಿತು. ಹೆಣ್ಣು ನೋಡಲು ಹೋಗಬೇಕಾದರೂ ಹೊಸಿಲು ದಾಟಬೇಕು, ಹೋಗುವುದು ಹೇಗೆ? ಅಣ್ಣ ಕಾಶಿಗೆ ಹೋದ ಎಂದರೆ, ಎಲ್ಲಿದ್ದರೂ ಅವನು ಅಣ್ಣನೇ, ಬರಲಿ ಬಿಡು ಎನ್ನುತ್ತಾರೆ. ಸನ್ಯಾಸಿಯಾದ ಎಂದರೆ, ಯಾವ ಮಠ, ಯಾವ ಗುರು ಎಂದು ಅಜ್ಜಿ ಕೇಳದೆ ಬಿಡುತ್ತಾಳೆಯೇ? ಸತ್ತ ಎನ್ನೋಣವೆಂದರೆ, ಸಾವಿನ ಮನೆಯಲ್ಲಿ ವರ್ಷ ತುಂಬುವವರೆಗೆ ಶುಭಕಾರ್ಯ ಕೂಡದು. ಅಷ್ಟರಲ್ಲಿ ವೈಶಾಖ ಬಂದು ಹೋಗಿರುತ್ತದೆ. ಅದೂ ಅಲ್ಲದೆ, ಸತ್ತ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಾಗ ಅವನಿಗೆ ಅಳುವೇ ಬಂತು. ಎಷ್ಟಾದರೂ ಅಣ್ಣ! ಮರುಗಳಿಗೆಯೇ, ಥೂ ನನಗೇನು ಹುಚ್ಚು ಹಿಡಿಯಿತೇ ಎಂದು ತಲೆ ಚಚ್ಚಿಕೊಂಡ.

ಕಡೆಗೆ ಒಂದು ಬೆಳಗ್ಗೆ ಜೋಡನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಬೆಲ್ಲದವರ ಮುಂಬಾಗಿಲಿಗೆ ಹೋದ. ಮೂವರೂ ಇದ್ದರು.

"ನನಗೆ ಅಣ್ಣ ಇಲ್ಲ" ಎಂದ.

ಬೆಲ್ಲದ ವ್ಯಾಪಾರಿಯ ಮುಖ ಕೆಂಪಾಯಿತು. "ಹೆಣ್ಣಿನ ಆಸೆಗೆ ಒಡಹುಟ್ಟಿದವನನ್ನೇ ಇಲ್ಲ ಎನ್ನುತ್ತೀಯಾ? ಇಂಥವನಿಗೆ ನನ್ನ ಮಗಳನ್ನು ಕೊಡಲೇ?"

ಆ ಊರಿಗೆ ಬಂದ ಮೇಲೆ ಮೊದಲ ಸಲ ನಿಜ ಹೇಳಿದರೆ ಅದೇ ಸುಳ್ಳಾಗಿ ಕಂಡಿತು. ಅವನು ವಾದಿಸಲಿಲ್ಲ. ಹೊಸಿಲಾಚೆ ಜೋಡು ಇಟ್ಟು ಮೆಟ್ಟಿ ನಿಂತ. ದೊಡ್ಡ ಶೆಟ್ಟರು ನಿಂತಿದ್ದರು. ಬಿಟ್ಟು ಒಳಗೆ ಬಂದ. ಚಿಕ್ಕ ಶೆಟ್ಟರು ನಿಂತಿದ್ದರು. ಅಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ನಾನು ಒಬ್ಬನೇ" ಎಂದ. "ಆದರೆ ಈ ಮನೆಯೊಳಗೆ ನಾನು ಒಂದು ಬೆರಳೂ ಹೆಚ್ಚಾಗಿ ನಿಂತವನಲ್ಲ ಚೆನ್ನಾಜಿ. ನೀನು ಕಂಡದ್ದು ನಾನಿರುವಷ್ಟನ್ನೇ."

ಚೆನ್ನಾಜಿ ಅವನನ್ನೇ ನೋಡಿದಳು. ಅವಳಿಗೆ ಸಿಟ್ಟಿರಲಿಲ್ಲ. ಅವಳೂ ದಿಕ್ಕುಗೆಟ್ಟವಳ ಹಾಗೆ ಇದ್ದಳು.

"ಎತ್ತರ ಯಾರಿಗೆ ಬೇಕಿತ್ತು?" ಎಂದಳು. "ನಾನು ಒಪ್ಪಿದ್ದು ಚಿಕ್ಕ ಶೆಟ್ಟರನ್ನು. ಅಣ್ಣನನ್ನು ಅಷ್ಟು ಹಚ್ಚಿಕೊಂಡವರು, ಅಣ್ಣನಿಗೆ ಜ್ವರ ಎಂದು ಕಷಾಯಕ್ಕಾಗಿ ಇಲ್ಲಿ ಕಾದು ಕುಳಿತವರು. ಅಣ್ಣನೇ ಇಲ್ಲದ ಮೇಲೆ ಆ ತಮ್ಮ ಎಲ್ಲಿಂದ ಬರಬೇಕು? ನಾನು ಈಗ ಯಾರಿಗೆ ಹೂಂ ಅನ್ನಲಿ?"

ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಗಿಲು ಮಾತ್ರ ಹಾಕಲಿಲ್ಲ. ವ್ಯಾಪಾರಿ ಅಲ್ಲೇ ನಿಂತ. ಹೊಸಿಲಾಚೆ ಜೋಡು ಇತ್ತು. ಅತ್ತ ಹೋಗಿ ಮೆಟ್ಟಿದರೆ ಆಗುವವನು ಯಾರೆಂದು ಅವನಿಗೆ ಗೊತ್ತಿತ್ತು. ಮೆಟ್ಟದೆ ನಿಂತಿರುವ ಇವನು ಯಾರೆಂದು ಗೊತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರಿದೇವ ಕಾದ. ಕತೆ ಮುಂದುವರಿಯಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಆಮೇಲೆ? ಅವನು ಒಳಗೆ ಹೋದನೇ, ಹೊರಗೆ ಹೋದನೇ? ಚೆನ್ನಾಜಿ ಅವನಿಗೆ ಸಿಕ್ಕಳೇ?"

ಗುರುಗಳು ಎದ್ದು ಬಾಗಿಲ ಹತ್ತಿರ ಹೋದರು. ಬಾಗಿಲಾಚೆಯ ಹಾವುಗೆಗಳನ್ನು ನೋಡುತ್ತ ಕೇಳಿದರು:

"ಹೇಳುತ್ತೇನೆ, ಮೊದಲು ಇದನ್ನು ಹೇಳು, ಈಗ ಕೇಳುತ್ತಿರುವವನು ದೊಡ್ಡ ಮರಿದೇವನೋ, ಚಿಕ್ಕ ಮರಿದೇವನೋ?"