ಹೊನ್ನವ್ವನ ಕಾಲು

ಹೊಳೆದಂಡೆಯ ಆಶ್ರಮದಲ್ಲಿ ಅಡುಗೆ ಮಾಡುವ ಹೊನ್ನವ್ವನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಕೋಲೂರಿ ಒಲೆಯ ತನಕ ಬರುತ್ತಾಳೆ. ಹೊಳೆಗೆ ಇಳಿಯಲಾರಳು. ಇಳಿದು ಎರಡು ವರ್ಷವಾಯಿತು. ಮತ್ತೊಮ್ಮೆ ಇಳಿಯಬೇಕು, ಅದೊಂದೇ ಅವಳ ಆಸೆ.

ಶಿಷ್ಯ ಮಾಳಿಂಗ ಅವಳಿಗೊಂದು ಕಾಲು ಮಾಡಿದ. ಅಚ್ಚಿನಲ್ಲಿ ಕತ್ತಾಳೆ ನಾರು ಹಾಸಿ, ಮೇಲೆ ಮರದಂಟಿನ ರಾಳ ಹೊಯ್ದು, ಒಣಗಿಸಿ.

ಹೊನ್ನವ್ವ ಕಟ್ಟಿಕೊಂಡು ನಡೆದಳು. ನಾಲ್ಕನೇ ಹೆಜ್ಜೆಗೆ ಲಟಕ್ಕೆಂದಿತು.

"ನಿನ್ನ ಕಾಲು ಹೊಸ್ತಿಲೂ ದಾಟಲಿಲ್ಲಲ್ಲೋ ತಮ್ಮಾ," ಎಂದು ಬಿದ್ದಲ್ಲೇ ಕೂತು ನಕ್ಕಳು.

ಮಾಳಿಂಗನಿಗೆ ನಗು ಬರಲಿಲ್ಲ. ಮುರಿದದ್ದನ್ನು ಗುರು ಶಿವಲಿಂಗಜ್ಜನ ಮುಂದಿಟ್ಟ.

ಕಾಲು ಮುರಿದ ಜಾಗದಿಂದ ಅಜ್ಜ ಒಂದು ನಾರು ಹಿಡಿದೆಳೆದ. ಸಲೀಸಾಗಿ ಬಂತು. ಅದಕ್ಕೆ ರಾಳದ ಚೂರೂ ಅಂಟಿರಲಿಲ್ಲ.

"ನಾರಿಗೆ ಏನು ಹಚ್ಚಿದ್ದಿ?"

"ಎಣ್ಣಿ, ಅಜ್ಜಾರ. ಬಾಚಿ ನುಣ್ಣಗ ಮಾಡಿದ್ದೆ."

"ಮದುವಿಗೆ ಕಳಿಸೋದಿತ್ತೇನು?"

ಅಜ್ಜ ಎಳೆದ ನಾರನ್ನು ಅವನ ಕೈಗಿಟ್ಟ.

"ರಾಳಕ್ಕ ಹಿಡಿಯಾಕ ಏನರೆ ಸಿಗಬೇಕಲ್ಲೋ. ಬೂದಿನೀರಾಗ ನೆನಸು. ಮೈ ಒರಟಾಗಲಿ."

ಮಾಳಿಂಗ ನೆನಸಿದ. ಒಂದು ದಿನ ಸಾಕೆನಿಸಲಿಲ್ಲ. ಐದು ದಿನ ಬಿಟ್ಟ. ತೆಗೆದು ನೋಡಿದರೆ ನಾರು ಬೆರಳಲ್ಲೇ ಪುಡಿಯಾಯಿತು.

"ನೀವ ಹೇಳಿದ್ರಿ, ಅಜ್ಜಾರ."

"ಮೈ ತೊಳಿ ಅಂದೆ. ಜೀವ ತಗಿ ಅಂದೆನೇನು?"

"ಹಂಗಾದ್ರ ಎಷ್ಟು ಹೊತ್ತು?"

ಅಜ್ಜ ಬೂದಿನೀರಿನ ಗಡಿಗೆಯನ್ನು ಅವನ ಕಡೆ ಸರಿಸಿದ.

"ತಾಸಿಗೊಂದು ನಾರು ತಗಿ. ಉಗುರಿಂದ ಸವರು. ಆಮ್ಯಾಲೆ ಜಗ್ಗು. ನನ್ನ ಕೇಳಬ್ಯಾಡ, ಅದನ್ನ ಕೇಳು."

ಮಾಳಿಂಗ ಹೊಸ ನಾರು ನೆನೆಹಾಕಿ ಗಡಿಗೆಯ ಪಕ್ಕ ಕೂತ. ಊಟಕ್ಕೂ ಏಳಲಿಲ್ಲ. ನಾಲ್ಕನೇ ತಾಸಿಗೆ ನಾರಿನ ಮೇಲೆ ಉಗುರು ತಡೆಯಿತು. ಜಗ್ಗಿದರೆ ಹರಿಯಲಿಲ್ಲ. ಅಷ್ಟೂ ನಾರನ್ನು ಆಗಲೇ ಎತ್ತಿ ಹೊಳೆಯಲ್ಲಿ ತೊಳೆದ, ನೆರಳಲ್ಲಿ ಒಣಗಿಸಿದ, ರಾಳ ಹೊಯ್ದ.

ಎಂಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹೊನ್ನವ್ವ ಹೊಸ ಕಾಲು ಕಟ್ಟಿಕೊಂಡಳು. ಹೊಸ್ತಿಲು ದಾಟಿದಳು. ಅಂಗಳ ದಾಟಿದಳು. ಹೊಳೆಯ ಮೆಟ್ಟಿಲು ಒಂದೊಂದೇ ಇಳಿದಳು. ಮೊಣಕಾಲುದ್ದ ನೀರಲ್ಲಿ ನಿಂತು ಮುಖ ತೊಳೆದಳು. ಆಮೇಲೆ, ಬಟ್ಟೆ ಒಗೆಯುವ ಕಲ್ಲು ಯಾರದೆಂದು ಪಕ್ಕದಲ್ಲಿ ಒಗೆಯುತ್ತಿದ್ದವಳ ಜೊತೆ ಜಗಳಕ್ಕೆ ಬಿದ್ದಳು.

ದಂಡೆಯ ಮೇಲೆ ಅಜ್ಜನ ಪಕ್ಕ ಕೂತಿದ್ದ ಮಾಳಿಂಗನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಅಜ್ಜಾರ, ಕಾಲು ಹೆಂಗೈತಿ ಅಂತ ಕೂಗಿ ಕೇಳಲೇನು?"

ಅಜ್ಜ ಅವನ ಭುಜ ಹಿಡಿದು ಕೂರಿಸಿದ.

"ಕೇಳಬ್ಯಾಡ. ಕಾಲು ಆಕಿಗೆ ಮರ್ತೈತಿ."